‘ಕಡಿಮೆ’ ಬರಬೇಕಾದಲ್ಲಿ ‘ಸರಿ’ ಬಂದಾಗ

ಮದ್ದೂರು ತಾಲ್ಲೂಕಿನ ನಮ್ಮೂರ ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುವ ಕೆಲಸ ನನ್ನದು. ಲೆಡ್ಜರ್ ಬಿಟ್ಟು ಎಕ್ಸೆಲ್ ಹಿಡಿದಾಗ, ಫ್ಯಾಟ್ 3.5 ಹಾಗೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) 8.5 ಎರಡನ್ನೂ ಮುಟ್ಟಿದ ಹಾಲಿನ ಮುಂದೆ ‘ಸರಿ’ ಎಂದೂ, ಒಂದು ಇಳಿದಿದ್ದರೂ ‘ಕಡಿಮೆ’ ಎಂದೂ ತಾನಾಗಿಯೇ ಬೀಳಬೇಕೆಂಬುದು ನನ್ನ ಆಸೆಯಾಗಿತ್ತು. ಎರಡೂ ಷರತ್ತುಗಳು ಕೂಡಿಬರಬೇಕಾದ ಕಡೆ, ಒಂದಾದರೂ ಸಾಕೆನ್ನುವ ಎಕ್ಸೆಲ್‌ನ ಆರ್ ನಡೆಯದು, ಎಲ್ಲವೂ ನಿಜವಾಗಬೇಕೆನ್ನುವ ಆಂಡ್ ಬೇಕು. ಹಾಗಾಗಿ ಸಿ ಕಾಲಂನಲ್ಲಿ ಫ್ಯಾಟ್, ಡಿ ಕಾಲಂನಲ್ಲಿ ಎಸ್‌ಎನ್‌ಎಫ್ ಇಟ್ಟುಕೊಂಡು =ಇಫ್(ಆಂಡ್(ಸಿ5>=3.5,ಡಿ5>=8.5),"ಸರಿ","ಕಡಿಮೆ") ಎಂದು ಬರೆದು ಕೊನೆಯ ಸಾಲಿನವರೆಗೂ ಎಳೆದೆ.

ಬಟವಾಡೆಯ ಹಿಂದಿನ ಸಂಜೆ ಕಾರ್ಯದರ್ಶಿಯವರು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇವರ ಹಾಲಿಗೆ ಮೂರೂವರೆ ಫ್ಯಾಟ್ ಯಾವತ್ತೂ ಬಂದಿಲ್ಲವಲ್ಲಪ್ಪ, ಸರಿ ಅಂತ ಹೆಂಗೆ ಬಂತು?” ಎಂದು ಕೇಳಿದರು. ನೋಡಿದರೆ ಆ ಸೆಲ್‌ನಲ್ಲಿ 3..1 ಎಂದಿತ್ತು, ಅವಸರದಲ್ಲಿ ಚುಕ್ಕಿಯನ್ನು ಎರಡು ಸಲ ಒತ್ತಿದ್ದೆ. ಚುಕ್ಕಿ ಎರಡಾದೊಡನೆ ಎಕ್ಸೆಲ್ ಪಾಲಿಗೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. ಹೋಲಿಸುವಾಗ ಅಕ್ಷರ ಯಾವುದೇ ಇರಲಿ, ಅದನ್ನು ಎಲ್ಲ ಸಂಖ್ಯೆಗಳಿಗಿಂತ ದೊಡ್ಡದೆಂದೇ ಅದು ಎಣಿಸುತ್ತದೆ. ಎರಡೂ ಸೆಲ್‌ಗಳಲ್ಲಿ ‘ಒಡೆದಿದೆ’ ಎಂದು ಬರೆದಿದ್ದ ಇನ್ನೊಂದು ಸಾಲಿನ ಹಾಲೂ, ನಗೆಪಾಟಲಾಗುವಂತೆ, ‘ಸರಿ’ ಆಗಿತ್ತು. ಸಂಖ್ಯೆಗಳೆಲ್ಲ ಸೆಲ್‌ನ ಬಲಕ್ಕೆ ಅಂಟಿದ್ದರೆ ಇವೆರಡು ಎಡಕ್ಕೆ ಸರಿದಿದ್ದವು. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಖಾಲಿ ಸೆಲ್‌ನದು ಇದಕ್ಕೆ ತಿರುಗಾಮುರುಗಾ. ಅದನ್ನು ಸೊನ್ನೆಯೆಂದು ಎಣಿಸುವುದರಿಂದ, ಆ ದಿನ ಹಾಲೇ ಹಾಕದವರ ಮುಂದೆಯೂ ‘ಕಡಿಮೆ’ ಬೀಳುತ್ತಿತ್ತು.

ಸೆಲ್‌ನಲ್ಲಿರುವುದು ಸಂಖ್ಯೆಯೇ ಎಂದು ನೋಡುವ ಇಸ್‌ನಂಬರ್ ಅನ್ನು ಆಂಡ್ ಒಳಗೇ ಸೇರಿಸಿ ಮುಗಿಸಬಹುದಿತ್ತು. ಆದರೆ ಆಗ ನನ್ನ ಬೆರಳಿನ ತಪ್ಪಿಗೆ ರೈತರ ಹಾಲು ‘ಕಡಿಮೆ’ ಎನಿಸಿಕೊಳ್ಳುತ್ತಿತ್ತು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಮೂರು ಇಫ್‌ಗಳನ್ನು ಒಂದರೊಳಗೊಂದು ಇಟ್ಟೆ: =ಇಫ್(ಕೌಂಟ್‌ಎ(ಸಿ5:ಡಿ5)=0,"",ಇಫ್(ಕೌಂಟ್(ಸಿ5:ಡಿ5)<2,"ನೋಡು",ಇಫ್(ಆಂಡ್(ಸಿ5>=3.5,ಡಿ5>=8.5),"ಸರಿ","ಕಡಿಮೆ"))). ಕೌಂಟ್‌ಎ ತುಂಬಿದ ಸೆಲ್‌ಗಳನ್ನೆಲ್ಲ ಎಣಿಸಿದರೆ, ಕೌಂಟ್ ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ. ಇಫ್ ಮೊದಲು ನಿಜವಾದ ಷರತ್ತಿಗೇ ನಿಂತುಬಿಡುವುದರಿಂದ ಇಲ್ಲಿ ಅನುಕ್ರಮ ಮುಖ್ಯ. ಮೊದಲೆರಡನ್ನು ಅದಲುಬದಲು ಮಾಡಿದರೆ ಖಾಲಿ ಸಾಲುಗಳೆಲ್ಲ ‘ನೋಡು’ ಎನ್ನುತ್ತವೆ.

ಮುಂದಿನ ಬಟವಾಡೆಗೆ ಮೂರು ‘ನೋಡು’ ಬಂದವು. ಒಂದು ಒಡೆದ ಹಾಲು, ಉಳಿದೆರಡೂ ನನ್ನ ಚುಕ್ಕಿಗಳು.