ಅಮ್ಮ ಮಾತಾಡುವಾಗ ಫೋನ್ ಎಲ್ಲಿರಬೇಕು?

ಹೋದ ಮಾಗಿಯಲ್ಲಿ ಅಮ್ಮ ಊರಿಂದ ಬಂದಿದ್ದರು. ರಾತ್ರಿ ಊಟ ಮುಗಿಸಿ ಸೋಫಾದ ತುದಿಯಲ್ಲಿ ಕೂತು, ಹಸು ಕರು ಹಾಕಿದ ಕಥೆ ಹೇಳುತ್ತಿದ್ದರು. ನಡುರಾತ್ರಿ, ಕರೆಂಟಿಲ್ಲ, ಪಕ್ಕದ ಮನೆಯವರನ್ನು ಎಬ್ಬಿಸಿ ಕರೆತಂದದ್ದು. ನಾನು ‘ಹೂಂ, ಹೂಂ’ ಅನ್ನುತ್ತಿದ್ದೆ. ಕೈಯಲ್ಲಿ ಫೋನಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಾತು ನಿಂತಿದೆ ಅನ್ನಿಸಿ ತಲೆ ಎತ್ತಿದೆ. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು. ‘ನಿನ್ನ ಕೆಲಸ ಮುಗೀಲಿ, ಆಮೇಲೆ ಹೇಳ್ತೀನಿ’ ಅಂದರು.

ಅದು ಕೆಲಸವಾಗಿರಲಿಲ್ಲ. ಯಾರೋ ಎಲ್ಲೋ ಬೋಂಡಾ ಕರಿಯುವ ವಿಡಿಯೊ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಂದಿನಿಂದ ಒಂದೊಂದೇ ಉಪಾಯ ಮಾಡುತ್ತಾ ಬಂದೆ. ಕೆಲವು ಹಿಡಿದವು, ಕೆಲವು ಎರಡೇ ದಿನಕ್ಕೆ ಬಿದ್ದುಹೋದವು. ಹಿಡಿದವನ್ನು ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಎಷ್ಟು ಗಂಟೆ ಫೋನ್ ನೋಡಿದೆ ಅನ್ನುವ ಲೆಕ್ಕ ನನಗೆ ಹೆಚ್ಚು ಸಹಾಯ ಮಾಡಲಿಲ್ಲ. ಮನೆಯವರು ಎದುರಿಗಿದ್ದಾಗ ಫೋನ್ ಎಷ್ಟು ದೂರದಲ್ಲಿತ್ತು ಅನ್ನುವುದನ್ನು ಗಮನಿಸಿದೆ. ಅಲ್ಲಿಂದ ಎಲ್ಲ ಬದಲಾಯಿತು.

ಮೊದಲು ಒಂದು ವಾರ ಸುಮ್ನೆ ನೋಡಿ

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ‘ಡಿಜಿಟಲ್ ವೆಲ್‌ಬೀಯಿಂಗ್’ ಅನ್ನುವ ಭಾಗಕ್ಕೆ ಹೋಗಿ. ಐಫೋನಿನಲ್ಲಿ ಇದೇ ‘ಸ್ಕ್ರೀನ್ ಟೈಮ್’. ಎರಡೂ 2018ರಲ್ಲಿ ಬಂದಂಥವು, ಆದರೂ ಎಷ್ಟೋ ಜನ ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಒಟ್ಟು ಗಂಟೆ ನೋಡಿ ಗಾಬರಿಯಾಗಬೇಡಿ. ಅದರಲ್ಲಿ ಬ್ಯಾಂಕಿನ ಕೆಲಸ, ಬಸ್ಸಿನ ಟಿಕೆಟ್, ಮ್ಯಾಪ್ ಎಲ್ಲವೂ ಸೇರಿರುತ್ತದೆ. ದಿನಕ್ಕೆ ಎಷ್ಟು ಸಲ ಫೋನ್ ಎತ್ತಿಕೊಂಡಿರಿ ಅನ್ನುವುದನ್ನು ನೋಡಿ. ಸಂಜೆ ಏಳರಿಂದ ಹತ್ತರವರೆಗೆ, ಅಂದರೆ ಮನೆ ತುಂಬಿರುವ ಹೊತ್ತಿನಲ್ಲಿ, ಯಾವ ಆ್ಯಪ್ ಎಷ್ಟು ಹೊತ್ತು ಓಡಿದೆ ಅನ್ನುವುದನ್ನೂ ನೋಡಿ. ನನಗೆ ಅಲ್ಲಿ ಕಂಡದ್ದು ಬರೀ ಸಣ್ಣ ವಿಡಿಯೊಗಳು.

ಮೊಮ್ಮಗಳು ದುಬೈಯಲ್ಲಿದ್ದು ಅಜ್ಜಿ ಅವಳ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಮಾಡಿದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆ ಅರ್ಧ ಗಂಟೆ ಅವರಿಬ್ಬರೂ ಜೊತೆಗೇ ಇರುತ್ತಾರೆ.

ಫೋನಿಗೆ ಒಂದು ಜಾಗ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಮ್ಮ ಮನೆಯಲ್ಲಿ ಚಾರ್ಜರ್ ಸೋಫಾದ ಪಕ್ಕದಲ್ಲೇ ಇತ್ತು. ಅದನ್ನು ಕಿತ್ತು ಬಾಗಿಲ ಹತ್ತಿರದ ಗೂಡಿಗೆ ಸಾಗಿಸಿದೆವು. ಹಿಂದೆ ಅಲ್ಲಿ ಬೀಗದ ಕೈ ಇಡುತ್ತಿದ್ದೆವು. ಈಗ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಟ್ಟು, ಅಲ್ಲೇ ಫೋನ್ ಇಟ್ಟು ಒಳಗೆ ಬರುತ್ತಾರೆ. ನಿಮ್ಮ ಮನೆಯಲ್ಲಿ ಗೂಡಿಲ್ಲದಿದ್ದರೆ ಫ್ರಿಜ್ಜಿನ ಮೇಲಾದರೂ ಸರಿ. ಕೂತಲ್ಲಿಂದ ಕೈಗೆ ಸಿಗಬಾರದು, ಕಣ್ಣಿಗೂ ಕಾಣಬಾರದು. ಅಷ್ಟೇ.

ಬೋರಲು ಹಾಕಿ ಮೇಜಿನ ಮೇಲಿಟ್ಟರೆ ಸಾಲದೇ ಅಂತ ಕೇಳುತ್ತಾರೆ. ನನ್ನ ಅನುಭವದಲ್ಲಿ ಸಾಲದು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಗಮನ ಬೇಡುವ ಕೆಲಸಗಳನ್ನು ಚೆನ್ನಾಗಿ ಮಾಡಿದರು. ಆಮೇಲೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ, ನಿಜ. ಆದರೆ ಒಂದು ಸಂಜೆ ಮಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಫೋನ್ ಎದುರಿಗಿದ್ದರೆ ಮನಸ್ಸಿನ ಒಂದು ಮೂಲೆ ಅದನ್ನೇ ಕಾಯುತ್ತಾ ಇರುತ್ತದೆ.

‘ಅರ್ಜೆಂಟ್ ಫೋನ್ ಬಂದರೆ?’

ಈ ಭಯವೇ ನಮ್ಮನ್ನು ಕಟ್ಟಿಹಾಕುವುದು. ಊರಲ್ಲಿ ವಯಸ್ಸಾದವರಿದ್ದಾರೆ, ಭಯ ಸಹಜ. ಅದಕ್ಕೆ ಫೋನಿನಲ್ಲೇ ದಾರಿ ಇದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅದರಲ್ಲಿ ಅಪ್ಪ, ಅಮ್ಮ, ಮಕ್ಕಳ ಶಾಲೆ, ಇಂಥ ನಾಲ್ಕೈದು ನಂಬರಿಗೆ ಮಾತ್ರ ರಿಂಗಾಗಲು ಬಿಡಿ. ಆಂಡ್ರಾಯ್ಡಿನಲ್ಲಿ ಆ ನಂಬರುಗಳಿಗೆ ಸ್ಟಾರ್ ಗುರುತು ಹಾಕಿಟ್ಟರೆ ಸಾಕು. ಮತ್ತೆ ಮತ್ತೆ ಕರೆ ಮಾಡುವವರಿಗೆ ಬಿಡುವ ಆಯ್ಕೆಯನ್ನೂ ಆನ್ ಮಾಡಿ. ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಅದೇ ವ್ಯಕ್ತಿ ಎರಡನೇ ಸಲ ಕರೆ ಮಾಡಿದರೆ ರಿಂಗಾಗುತ್ತದೆ. ಮನೆಯವರಿಗೆಲ್ಲ ‘ಅರ್ಜೆಂಟಿದ್ದರೆ ಎರಡು ಸಲ ಮಾಡಿ’ ಅಂತ ಹೇಳಿಟ್ಟಿರಿ. ರಿಂಗ್ ಶಬ್ದ ಜೋರಾಗಿಯೇ ಇರಲಿ, ಗೂಡಿನಿಂದ ಅಡುಗೆಮನೆಗೆ ಕೇಳಬೇಕಲ್ವಾ.

ವಾಟ್ಸ್ಆ್ಯಪ್ ಗುಂಪುಗಳಿಗೆ ‘ಮ್ಯೂಟ್’ ಒತ್ತಿದರೆ 8 ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಬರುತ್ತವೆ. ಮೂರನೆಯದನ್ನೇ ಒತ್ತಿ. ನೀವು ಮ್ಯೂಟ್ ಮಾಡಿದ್ದು ಗುಂಪಿನವರಿಗೆ ಗೊತ್ತಾಗುವುದಿಲ್ಲ, ಯಾರಿಗೂ ಬೇಜಾರಿಲ್ಲ.

ಆ್ಯಪಿಗೆ ದಿನಕ್ಕಿಷ್ಟೇ ನಿಮಿಷ ಅಂತ ಮಿತಿ ಹಾಕುವುದು, ಪರದೆಯನ್ನು ಕಪ್ಪು-ಬಿಳುಪು ಮಾಡುವುದು, ಇವನ್ನೂ ಮಾಡಿದೆ. ಕೆಲವರಿಗೆ ಉಪಯೋಗವಾಗಬಹುದು. ನನಗೆ ಮಿತಿ ದಾಟಲು ಒಂದೆರಡು ಸಲ ಬೆರಳು ಒತ್ತಿದರೆ ಸಾಕಾಗಿತ್ತು.

ಗಡಿಯಾರ ತನ್ನಿ

ಇದು ಬಹಳ ಸಣ್ಣ ವಿಷಯ ಅನ್ನಿಸಬಹುದು. ಟೈಮೆಷ್ಟು ಅಂತ ನೋಡಲು ಫೋನ್ ಎತ್ತುತ್ತೇವೆ, ಇಪ್ಪತ್ತು ನಿಮಿಷ ಕಳೆದ ಮೇಲೆ ಇಡುತ್ತೇವೆ, ಟೈಮ್ ನೋಡಿರುವುದೇ ಇಲ್ಲ. ಹಾಲ್‌ನಲ್ಲಿ ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಸೆಲ್ ಹಾಕಿದೆ. ಒಂದು ಅಲಾರಂ ಗಡಿಯಾರ ಕೊಂಡೆ. ಏಕಾದಶಿ, ಅಮಾವಾಸ್ಯೆ ನೋಡಲು ಗೋಡೆಗೆ ಕ್ಯಾಲೆಂಡರ್ ಬಂತು. ಅಲಾರಂ ಬಂದ ಮೇಲೆ ಫೋನ್ ಮಲಗುವ ಕೋಣೆಗೆ ಬರುವ ನೆಪವೇ ಹೋಯಿತು.

ಕೈಗೆ ಕೆಲಸ ಕೊಡಿ

ಫೋನ್ ದೂರ ಇಟ್ಟ ಮೊದಲ ಸಂಜೆ ನಾವೆಲ್ಲ ಏನು ಮಾಡುವುದು ಅಂತ ತೋಚದೆ ಕೂತಿದ್ದೆವು. ‘ಬನ್ನಿ, ಮಾತಾಡೋಣ’ ಅಂದರೆ ಮಾತು ಹುಟ್ಟುವುದಿಲ್ಲ. ಕೈ ಏನಾದರೂ ಮಾಡುತ್ತಿದ್ದರೆ ಬಾಯಿ ತಾನಾಗಿ ಬಿಡುತ್ತದೆ.

ಅವರೆಕಾಯಿ ಕಾಲದಲ್ಲಿ ಇದು ನನಗೆ ಚೆನ್ನಾಗಿ ಗೊತ್ತಾಯಿತು. ನೆನೆಹಾಕಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ನಾಲ್ಕು ಜನ ಸುತ್ತ ಕೂತೆವು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕೈ ಒದ್ದೆ, ಬೆರಳ ತುದಿ ಸುಕ್ಕಾಗಿದೆ, ಫೋನ್ ಮುಟ್ಟುವ ಮಾತೇ ಇಲ್ಲ. ಒಂದು ಸೇರು ಕಾಳು ಹಿದುಕುವಷ್ಟರಲ್ಲಿ ಮಗ ತನ್ನ ಶಾಲೆಯಲ್ಲಿ ಎರಡು ತಿಂಗಳಿಂದ ನಡೆಯುತ್ತಿದ್ದ ಒಂದು ಜಗಳದ ಕಥೆಯನ್ನು ಪೂರ್ತಿ ಹೇಳಿದ. ಅವನು ಒಬ್ಬನೇ ಕೂತು ಊಟ ಮಾಡುತ್ತಿದ್ದ ಅನ್ನುವುದು ನನಗೆ ಅವತ್ತೇ ತಿಳಿದದ್ದು. ಅವರೆ ಕಾಲ ಮುಗಿದರೆ ಹೂ ಕಟ್ಟುವುದಿದೆ, ಸೊಪ್ಪು ಬಿಡಿಸುವುದಿದೆ, ಬಟ್ಟೆ ಮಡಿಸುವುದಿದೆ. ಚೌಕಾಬಾರದ ಮನೆ ಬರೆಯಲು ಒಂದು ಸೀಮೆಸುಣ್ಣ ಸಾಕು.

ದೊಡ್ಡವರಿಂದಲೇ ಶುರುವಾಗಬೇಕು

ಮಕ್ಕಳ ಕೈಯಿಂದ ಫೋನ್ ಕಿತ್ತುಕೊಂಡು ನಾವು ನೋಡುತ್ತಾ ಕೂತರೆ ಏನೂ ಆಗುವುದಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಲು ಶುರು ಮಾಡಿದರು. ಅಲ್ಲಿಂದ ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಎಲ್ಲ ಬಂದ್. ನನಗೆ ಅದರಲ್ಲಿ ಇಷ್ಟವಾದದ್ದು, ನಿಯಮ ಇಡೀ ಊರಿಗೆ ಒಂದೇ ಅನ್ನುವುದು. ನಿಮ್ಮ ಮನೆಗೆ ಸೈರನ್ ಬೇಡ, ಕುಕ್ಕರಿನ ಮೊದಲ ಸೀಟಿಯೇ ಗುರುತಾಗಲಿ.

ಆ ಹೊತ್ತಿನಲ್ಲಿ ಫೋನ್ ನೋಡಲೇಬೇಕಾಗಿ ಬಂದರೆ ಬಾಯಿಬಿಟ್ಟು ಹೇಳಿ. ‘ಆಫೀಸಿಂದು, ಒಂದು ಮೆಸೇಜ್ ಕಳಿಸಿ ಬರ್ತೀನಿ’ ಅಂತ ಹೇಳಿ ಎದ್ದು ಗೂಡಿನ ಹತ್ತಿರ ಹೋಗಿ, ನಿಂತುಕೊಂಡೇ ಮುಗಿಸಿ. ಎದುರಿಗಿದ್ದವರಿಗೆ ತಾವು ಬೇಡವಾದೆವು ಅನ್ನಿಸುವುದಿಲ್ಲ. ನಿಂತಿದ್ದರೆ ಬೇಗ ಮುಗಿಯುತ್ತದೆ ಕೂಡ.

ಇಷ್ಟೆಲ್ಲ ಮಾಡಿಯೂ ಮಗ ಅಥವಾ ಮಗಳು ಊಟ, ನಿದ್ದೆ, ಓದು ಬಿಟ್ಟು ಫೋನಿಗೇ ಅಂಟಿಕೊಂಡಿದ್ದರೆ ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಹೆಸರಿನ ಕ್ಲಿನಿಕ್ ಇದಕ್ಕಾಗಿಯೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ದೂರ ಇರುವವರ ಜೊತೆ

ಅಮ್ಮ ವರ್ಷದ ಹೆಚ್ಚು ದಿನ ಊರಲ್ಲೇ ಇರುತ್ತಾರೆ. ಅವರ ಜೊತೆ ಇರಬೇಕೆಂದರೆ ನನಗೆ ಫೋನೇ ಬೇಕು. ಮೊದಲು ಸ್ಪೀಕರಿಗೆ ಹಾಕಿ, ಮಾತಾಡುತ್ತಲೇ ಬೇರೆ ಆ್ಯಪ್ ತೆರೆಯುತ್ತಿದ್ದೆ. ಅಮ್ಮನಿಗೆ ಅದು ಅಲ್ಲಿಂದಲೇ ಗೊತ್ತಾಗುತ್ತಿತ್ತು, ನನ್ನ ‘ಹೂಂ’ ತಡವಾಗಿ ಬರುತ್ತಿತ್ತಲ್ಲ. ಈಗ ಫೋನನ್ನು ಕಿವಿಗೆ ಹಿಡಿದುಕೊಂಡು ಟೆರೇಸಿಗೆ ಹೋಗುತ್ತೇನೆ. ಪರದೆ ಕೆನ್ನೆಗೆ ಒತ್ತಿಕೊಂಡಿದ್ದರೆ ನೋಡಲು ಏನೂ ಇರುವುದಿಲ್ಲ. ಕರುವಿನ ಕಥೆಯನ್ನು ಮೊದಲಿಂದ ಹೇಳಿಸಿಕೊಂಡದ್ದೂ ಹೀಗೇ. ಹೆಣ್ಣು ಕರು. ಹಣೆಯಲ್ಲಿ ಬಿಳಿ ಬೊಟ್ಟಿದೆಯಂತೆ, ಗೌರಿ ಅಂತ ಹೆಸರಿಟ್ಟಿದ್ದಾರೆ.