ಹೂಳೆತ್ತುವ ಮೊದಲು ಕೆರೆಯನ್ನು ಓದಿ

ಬೇಸಿಗೆ ಬಂತೆಂದರೆ ಊರವರು ಮೊದಲು ಕರೆಯುವುದು ಜೆಸಿಬಿಯನ್ನು. ಕೆರೆಯ ಅಂಗಳಕ್ಕೆ ಯಂತ್ರ ಇಳಿದು ಮಣ್ಣು ಮೇಲೆ ಬಂದರೆ ಕೆರೆ ಉದ್ಧಾರವಾಯಿತು ಎಂಬ ನಂಬಿಕೆ ಬಯಲುಸೀಮೆಯಲ್ಲಿ ಗಟ್ಟಿಯಾಗಿದೆ. ಆದರೆ ನೀರು ತರುವ ಹಳ್ಳ, ತಡೆಯುವ ಏರಿ, ಹೆಚ್ಚಾದದ್ದನ್ನು ಸಾಗಹಾಕುವ ಕೋಡಿ, ಬೇಕಾದಷ್ಟನ್ನೇ ಬಿಡುವ ತೂಬು, ಆ ನೀರನ್ನು ನಂಬಿದ ಗದ್ದೆಬಯಲು ಅಂದರೆ ಅಚ್ಚುಕಟ್ಟು, ಇಷ್ಟೂ ಸೇರಿದರೇ ಕೆರೆ. ಕೆಲಸದ ಕ್ರಮವೂ ಹಾಗೆಯೇ ಇರಬೇಕು: ನೀರು ತರುವ ಕಾಲುವೆ, ಕೋಡಿ, ಏರಿ, ತೂಬು, ಆಮೇಲೆ ಹೂಳು. ಈ ಕ್ರಮ ತಲೆಕೆಳಗಾದ ಊರುಗಳಲ್ಲಿ ಆಳವಾದ ಒಣಗುಂಡಿ ಉಳಿದಿದೆ, ನೀರಿಲ್ಲ.

ನೋಡುವುದು ಮಳೆಗಾಲದಲ್ಲಿ

ಕೆಲಸ ಬೇಸಿಗೆಯದಾದರೂ ಕೆರೆಯನ್ನು ನೋಡಬೇಕಾದದ್ದು ಜೋರು ಮಳೆ ಬಿದ್ದ ಮಾರನೇ ಬೆಳಿಗ್ಗೆ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಊರಿನ ನೀರುಗಂಟಿ ಅಥವಾ ಅವರ ಮನೆತನದ ಹಿರಿಯರು ಇದ್ದರೆ ಅವರನ್ನೇ ಮುಂದೆ ಬಿಟ್ಟುಕೊಂಡು ಹಳ್ಳದ ಗುಂಟ ಮೇಲಕ್ಕೆ ನಡೆಯಿರಿ. ರಸ್ತೆಯ ಕೆಳಗಿನ ಮೋರಿ ಕಟ್ಟಿಕೊಂಡಿರುತ್ತದೆ, ಹೊಲದ ಬದು ಕಾಲುವೆಯೊಳಕ್ಕೆ ಸರಿದಿರುತ್ತದೆ, ಎಲ್ಲೋ ಒಂದು ಕಡೆ ನೀರು ಪಕ್ಕದ ಹಳ್ಳಕ್ಕೆ ಹೊರಳಿರುತ್ತದೆ. ಪ್ರತಿಯೊಂದನ್ನೂ ಗ್ರಾಮ ನಕ್ಷೆಯ ಮೇಲೆ ಗುರುತು ಮಾಡಿ. ಒತ್ತುವರಿಯ ಅನುಮಾನವಿದ್ದರೆ ಜಗಳಕ್ಕೆ ಮೊದಲು ತಾಲ್ಲೂಕು ಸರ್ವೇಯರ್‌ರಿಂದ ಅಳತೆ ಮಾಡಿಸಿ ಗಡಿಕಲ್ಲು ನೆಡಿಸುವುದು ಕ್ಷೇಮ. ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳನ್ನು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ, ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಗೆ ಸೇರುತ್ತವೆ. ಒಪ್ಪಿಗೆ ಪತ್ರ ಕೈಯಲ್ಲಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ.

ಆಮೇಲೆ ಒಂದು ಲೆಕ್ಕ. ನೀರಿನ ಹರವು 20 ಎಕರೆ, ಏರಿಯ ಹತ್ತಿರ ಆಳ 3 ಮೀಟರ್ ಅಂದುಕೊಳ್ಳಿ. ಹರವು ಸುಮಾರು 80,000 ಚದರ ಮೀಟರ್. ಅದನ್ನು 3ರಿಂದ, ಮತ್ತೆ 0.4ರಿಂದ ಗುಣಿಸಿದರೆ 96,000 ಘನ ಮೀಟರ್ ನೀರು. ಅಂಗಳ ತಟ್ಟೆಯ ಹಾಗೆ ಅಂಚಿನಲ್ಲಿ ತೆಳುವಾಗುವುದರಿಂದ ಈ 0.4. ಇಷ್ಟು ನೀರು ಎಲ್ಲಿಂದ ಬರಬೇಕು? ಒಂದು ಹೆಕ್ಟೇರ್ ನೆಲದಿಂದ 1 ಸೆಂಟಿಮೀಟರ್ ನೀರು ಹರಿದರೆ 100 ಘನ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು ಅದರ ಹತ್ತನೇ ಒಂದು ಪಾಲು ಕೆರೆ ಸೇರಿದರೆ ಹೆಕ್ಟೇರಿಗೆ 700 ಘನ ಮೀಟರ್. ಅಂದರೆ ಕೆರೆ ತುಂಬಲು 137 ಹೆಕ್ಟೇರ್, ಸುಮಾರು 340 ಎಕರೆ ಜಲಾನಯನ ಬೇಕು. ಅರ್ಧ ಜಲಾನಯನದ ನೀರು ಬೇರೆಡೆ ಹೊರಳಿದ್ದರೆ ಎಷ್ಟು ಆಳ ಅಗೆದರೂ ಕೆರೆ ಅರ್ಧಕ್ಕೇ ನಿಲ್ಲುತ್ತದೆ. ಹಣ ಕಾಲುವೆಗೆ ಮೊದಲು ಹೋಗಬೇಕು ಅನ್ನುವುದು ಇದಕ್ಕೇ.

ಕೋಡಿ ಎತ್ತರಿಸಬೇಡಿ

ಕೆರೆ ಒಡೆಯುವುದಕ್ಕೆ ಊರವರೇ ಮಾಡಿಕೊಳ್ಳುವ ದೊಡ್ಡ ಕಾರಣ, ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳುಚೀಲ ಪೇರಿಸುವುದು. ಏರಿಯ ತಲೆ ಕೋಡಿಗಿಂತ ಎಷ್ಟು ಎತ್ತರದಲ್ಲಿದೆಯೋ ಅದೇ ಕೆರೆಯ ಜೀವರಕ್ಷೆ. ಆ ಅಂತರ ಕನಿಷ್ಠ 1 ಮೀಟರ್ ಇರಲಿ. ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡು ತುದಿ ಹಿಡಿದು ಏರಿಯ ಉದ್ದಕ್ಕೂ ಮಟ್ಟ ನೋಡಿ. ದನ, ಟ್ರ್ಯಾಕ್ಟರ್ ದಾಟುವ ಜಾಗದಲ್ಲಿ ಏರಿ ಕುಸಿದಿರುತ್ತದೆ, ನೀರು ಮೊದಲು ಉಕ್ಕುವುದು ಅಲ್ಲಿಯೇ.

ಕೆರೆಗಳು ಸರಪಳಿಯಲ್ಲಿರುವ ಕಡೆ ಒಂದರ ಕೋಡಿ ನೀರು ಮುಂದಿನದರ ಒಡಲಿಗೆ ಹೋಗುತ್ತದೆ. ಮೇಲಿನದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ. ಹಾಗಾಗಿ ದುರಸ್ತಿ ಮೇಲಿನ ಕೆರೆಯಿಂದ ಕೆಳಕ್ಕೆ ಬರಲಿ. ಕೋಡಿ ಬಿದ್ದ ದಿನ ಬಾಗಿನ ಬಿಡಲು, ಗಂಗಮ್ಮನಿಗೆ ಪೂಜೆ ಮಾಡಲು ಊರೆಲ್ಲ ಸೇರುತ್ತದಲ್ಲ, ಕೋಡಿಯ ಕಲ್ಲು ಸಡಿಲವಾಗಿದೆಯೇ, ಹರಿವಿನ ದಾರಿಯಲ್ಲಿ ಜಾಲಿ ಬೆಳೆದಿದೆಯೇ ಎಂದು ಎಲ್ಲರೂ ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಏರಿ ಮತ್ತು ತೂಬು

ಏರಿಯ ಹಿಂಬದಿಯಲ್ಲಿ ಜಿನುಗು ಕಂಡರೆ ನೀರಿನ ಬಣ್ಣ ನೋಡಿ. ತಿಳಿಯಾಗಿ, ಒಂದೇ ಸಮನಾಗಿ ಬರುತ್ತಿದ್ದರೆ ಗುರುತು ಹಾಕಿ ದಿನವೂ ಗಮನಿಸಿದರೆ ಸಾಕು. ಕದಡಿದ್ದರೆ ನೀರು ಒಳಗಿನಿಂದ ಮಣ್ಣು ಕೊರೆದು ತರುತ್ತಿದೆ ಎಂದರ್ಥ. ಆಗ ಗಾಬರಿಯಲ್ಲಿ ಹೊರಬಾಯಿಗೆ ಜೇಡಿಮಣ್ಣು ಮೆತ್ತಬೇಡಿ, ಒತ್ತಡ ಇನ್ನೊಂದು ಕಡೆ ಒಡೆಯುತ್ತದೆ. ಬಾಯಿಯ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ. ನೀರು ಬರುತ್ತದೆ, ಮಣ್ಣು ನಿಲ್ಲುತ್ತದೆ. ಜೊತೆಗೆ ತೂಬು ತೆಗೆದು ಮಟ್ಟ ಇಳಿಸಿ, ತಕ್ಷಣ ಇಲಾಖೆಗೆ ತಿಳಿಸಿ.

ಬೇಸಿಗೆಯಲ್ಲಿ ಇಲಿ, ಏಡಿಯ ಬಿಲ, ಗೆದ್ದಲ ಗೂಡುಗಳನ್ನು ಕೊನೆಯವರೆಗೆ ಅಗೆದು ಬಿಡಿಸಿ. ಜಿಗುಟು ಮಣ್ಣನ್ನು 15 ಸೆಂಟಿಮೀಟರ್ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ಬಡಿದು ದಮ್ಮಸು ಮಾಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಿ ಕೈಗೆ ಅಂಟದಿದ್ದರೆ ಹದ ಸರಿಯಿದೆ. ಕಲ್ಲುಹರಳಿನ ಗರಸು ಮಣ್ಣು ತುಂಬಿದರೆ ಅದೇ ನೀರಿಗೆ ದಾರಿ. ಎಳೆಯ ಜಾಲಿಯನ್ನು ಬುಡಸಮೇತ ಕಿತ್ತುಹಾಕಿ. ಏರಿಯ ಮೇಲಿನ ಹಳೆಯ ಹೆಮ್ಮರವನ್ನು ಮಾತ್ರ ಕಡಿಯಲು ಅವಸರ ಬೇಡ, ಸತ್ತ ಬೇರು ಕೊಳೆತರೆ ಏರಿಯೊಳಗೆ ಸುರಂಗ ಉಳಿಯುತ್ತದೆ.

ತೂಬಿನ ವಿಷಯದಲ್ಲಿ ಮರೆಯಬಾರದ ಸಂಗತಿ ಒಂದೇ. ತೂಬಿನ ತಳಕ್ಕಿಂತ ಕೆಳಗೆ ಅಗೆದ ಆಳದ ನೀರು ಗದ್ದೆಯ ಕಾಲುವೆಗೆ ಹರಿಯುವುದಿಲ್ಲ. ದನಕರುಗಳಿಗೆ, ಮೀನಿಗೆ, ಅಂತರ್ಜಲಕ್ಕೆ ಅದು ಬೇಕು, ಸರಿ. ಆದರೆ ಅದರಿಂದ ಭತ್ತದ ಗದ್ದೆ ಹೆಚ್ಚುತ್ತದೆ ಎಂದು ರೈತರಿಗೆ ಮಾತು ಕೊಡಬೇಡಿ.

ಈಗ ಹೂಳು

ಅದೇ 20 ಎಕರೆ ಕೆರೆಯಲ್ಲಿ ಒಂದೇ ಒಂದು ಅಡಿ ತೆಗೆದರೂ ಸುಮಾರು 24,700 ಘನ ಮೀಟರ್ ಮಣ್ಣು. 3 ಘನ ಮೀಟರ್ ಹಿಡಿಯುವ ಟ್ರೇಲರ್‌ನಲ್ಲಿ 8,200 ಲೋಡ್. ಹತ್ತು ಟ್ರ್ಯಾಕ್ಟರ್ ದಿನಕ್ಕೆ ಹತ್ತು ಸಲ ಓಡಾಡಿದರೂ 82 ದಿನ ಬೇಕು. ಶಿವರಾತ್ರಿಯಿಂದ ಮುಂಗಾರಿನ ತನಕ ಸಿಗುವುದೇ ಅಷ್ಟು. ಆದ್ದರಿಂದ ಎಲ್ಲಿ ಅಗೆಯಬೇಕು ಎಂಬುದನ್ನು ಆರಿಸಿಕೊಳ್ಳಲೇಬೇಕು.

ಹಳ್ಳ ಕೆರೆಗೆ ಸೇರುವ ಬಾಲದಲ್ಲಿ ದಪ್ಪ ಮರಳು ನಿಲ್ಲುತ್ತದೆ, ನುಣುಪಾದ ಗೋಡು ಏರಿಯವರೆಗೂ ತೇಲಿ ಬಂದು ಅಲ್ಲಿ ಕೂರುತ್ತದೆ. ರೈತರಿಗೂ ಕುಂಬಾರರಿಗೂ ಇಟ್ಟಿಗೆಯವರಿಗೂ ಬೇಕಾದದ್ದು ಗೋಡೇ. ಎಲ್ಲರೂ ಏರಿಯ ಬುಡಕ್ಕೇ ಬರುವುದು ಹೀಗೆ. ಅಲ್ಲಿ ಬಗೆದರೆ ಏರಿ ಜಾರುತ್ತದೆ. ಬುಡದಿಂದ ಕನಿಷ್ಠ 15 ಮೀಟರ್ ಬಿಟ್ಟು ಸುಣ್ಣದ ಗೆರೆ ಎಳೆಯಿರಿ, ಎತ್ತರದ ಏರಿಗೆ ಇನ್ನೂ ಹೆಚ್ಚು ಬಿಡಿ. ಹೂಳಿನ ಕೆಳಗೆ ಗರಸು ಅಥವಾ ಮರಳು ಕಂಡ ತಕ್ಷಣ ನಿಲ್ಲಿಸಿ, ನೀರು ಹಿಡಿದಿಡುವ ಜೇಡಿಯ ಪದರ ಹರಿದರೆ ಕೆರೆ ಸೋರತೊಡಗುತ್ತದೆ. ಗುಂಡಿಯ ಅಂಚು ಒಂದು ಅಡಿ ಆಳಕ್ಕೆ ಮೂರು ಅಡಿ ಅಗಲದ ಇಳಿಜಾರಾದರೂ ಇರಲಿ. ಕಡಿದಾದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಈಜಲು ಇಳಿದ ಮಕ್ಕಳು ಮುಳುಗುವುದು ಅಲ್ಲಿ.

ತೆಗೆದ ಮಣ್ಣನ್ನು ಅಂಗಳದ ನಡುವೆ ಗುಡ್ಡೆ ಹಾಕುವ ರೂಢಿಯೂ ಹೆಚ್ಚುತ್ತಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಆಂಧ್ರದ ಪೋರುಮಾಮಿಳ್ಳದ 1369ರ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಆರು ದೋಷ ಎಣಿಸುತ್ತದೆ. ಒಡಲ ನಡುವೆ ಆಮೆಯ ಬೆನ್ನಿನಂತೆ ಉಬ್ಬಿರುವುದು ಆ ಆರರಲ್ಲಿ ಒಂದು. ಏರಿಯಿಂದ ನೀರು ಸೋರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು ಉಳಿದ ದೋಷಗಳಲ್ಲಿವೆ. ಅಂದು ದೋಷವೆಂದು ಕಲ್ಲಿನಲ್ಲಿ ಕೆತ್ತಿಸಿದ್ದನ್ನು ಇಂದು ನಾವೇ ಹಣ ಕೊಟ್ಟು ಮಾಡಿಸಿಕೊಳ್ಳಬಾರದು.

ಹೂಳು ಕೆಂಪು ಮತ್ತು ಮರಳು ನೆಲಕ್ಕೆ ವರದಾನ, ಎರೆ ಹೊಲಕ್ಕೆ ಬೇಡ. ಒಂದು ಎಕರೆಗೆ ಒಂದು ಅಂಗುಲ ಹರಡಲು ಸುಮಾರು 35 ಲೋಡ್ ಹಿಡಿಯುತ್ತದೆ. ಗುಪ್ಪೆ ಹಾಕಿ ಕೆಲವು ವಾರ ಬಿಸಿಲಿಗೆ ಬಿಟ್ಟರೆ ಹೆಂಟೆ ಬಿರಿಯುತ್ತದೆ, ಮುಂಗಾರಿನ ಮೊದಲ ಹದಕ್ಕೆ ಕುಂಟೆ ಹೊಡೆದು ಬೆರೆಸಿ. ಒಣಗಿದ ಹೂಳಿನ ಮೇಲೆ ಬಿಳಿ ಪುಡಿ ಕಂಡರೆ ಉಪ್ಪಿದೆ ಎಂದು ತಿಳಿದು ಮಣ್ಣು ಪರೀಕ್ಷೆ ಮಾಡಿಸಿ. ಪಟ್ಟಣದ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಹೂಳನ್ನು ಭಾರಲೋಹಗಳ ಪರೀಕ್ಷೆ ಇಲ್ಲದೆ ತರಕಾರಿ ಹೊಲಕ್ಕೆ ಹಾಕಲೇಬಾರದು.

ಖರ್ಚಿನ ವಿಷಯ. ಹಿಂದೆ ಕೆರೆಯ ರಕ್ಷಣೆಗೆಂದೇ ಬಿಟ್ಟುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಡುತ್ತಿದ್ದರು, ಸುಗ್ಗಿಯಲ್ಲಿ ನೀರುಗಂಟಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಆ ಆದಾಯ ತಪ್ಪಿದ ಮೇಲೆ ನಿತ್ಯದ ಸಣ್ಣ ದುರಸ್ತಿಯೂ ತಪ್ಪಿತು. ಈಗ ಅಗೆತದ ಖರ್ಚು ಊರಿನ ಕೆರೆ ಸಮಿತಿಗೆ, ಸಾಗಣೆಯದು ಮಣ್ಣು ಒಯ್ಯುವ ರೈತರಿಗೆ ಎಂದು ಹಂಚಿಕೊಳ್ಳುವುದು ನ್ಯಾಯ. ಮೀನಿನ ಗುತ್ತಿಗೆಯ ಹಣದಲ್ಲಿ ಒಂದು ಪಾಲು ಕೆರೆಗೇ ಮರಳುವಂತೆ ಪಂಚಾಯತಿಯಲ್ಲಿ ಠರಾವು ಮಾಡಿಸಿ. ದನಕರುಗಳ ನೀರು ಉಳಿಸಿಯೇ ಮೀನು ಹಿಡಿಯಬೇಕು, ತೂಬು ತೆಗೆದು ಕೆರೆ ಬರಿದು ಮಾಡುವಂತಿಲ್ಲ ಎಂಬ ಷರತ್ತು ಬರವಣಿಗೆಯಲ್ಲಿರಲಿ.

ಹೊಸ ಮಣ್ಣು ಬಿದ್ದ ಏರಿಗೆ ಮೊದಲ ವರ್ಷ ಒಮ್ಮೆಲೇ ನೀರು ತುಂಬಿಸಬಾರದು. ತೂಬನ್ನು ಸ್ವಲ್ಪ ತೆರೆದಿಟ್ಟು ಮಟ್ಟ ನಿಧಾನವಾಗಿ ಏರಲಿ, ದೊಡ್ಡ ಮಳೆಯ ರಾತ್ರಿಗಳಲ್ಲಿ ಇಬ್ಬಿಬ್ಬರು ಬ್ಯಾಟರಿ ಹಿಡಿದು ಏರಿಯ ಹಿಂಬದಿಯ ಬುಡದಲ್ಲಿ ನಡೆಯಲಿ. ತೂಬಿನ ಕಲ್ಲುಕಂಬದ ಮೇಲೆ ಅಡಿ ಅಡಿಗೂ ಬಣ್ಣದ ಗೆರೆ ಬರೆದು ವಾರಕ್ಕೊಮ್ಮೆ ಮಟ್ಟವನ್ನು ಪುಸ್ತಕಕ್ಕೆ ಇಳಿಸಿ. ಕಾರ್ತಿಕದಲ್ಲಿ ಎಷ್ಟು ಎಕರೆಗೆ ಭತ್ತ, ಎಷ್ಟಕ್ಕೆ ರಾಗಿ ಎಂದು ಸಭೆ ಕೂತಾಗ ನೀರುಗಂಟಿ ಮೊದಲು ತೆರೆಯಬೇಕಾದದ್ದು ಆ ಪುಸ್ತಕವನ್ನು.