ಲಿಕ್ಟನ್‌ಸ್ಟೈನ್ ನನ್ನ ಮಾನ ಕಳೆದ ದಿನ

ನಮ್ಮ ಅಪಾರ್ಟ್‌ಮೆಂಟಿನ ಗಣೇಶ ಹಬ್ಬಕ್ಕೆ ಕ್ವಿಜ್ ನಡೆಸುವ ಕೆಲಸವನ್ನು ಪ್ರತಿ ವರ್ಷ ನನ್ನ ತಲೆಗೇ ಕಟ್ಟುತ್ತಾರೆ. ಮೊದಲ ವರ್ಷ ರಾಜಧಾನಿ, ಕರೆನ್ಸಿ ಅಂತ ಕೇಳಿದೆ. ಮಕ್ಕಳು ಪಟಪಟ ಹೇಳಿದರು, ದೊಡ್ಡವರು ಎದ್ದು ಪ್ರಸಾದದ ಸಾಲಿಗೆ ಹೋದರು. ಅದಕ್ಕೇ ಈ ಸಲ ಎರಡೇ ರೌಂಡ್. ಒಂದು ಭೂಪಟದ ತರಲೆಗಳು, ಇನ್ನೊಂದು ಸೈನ್ಸ್ ಫಿಕ್ಷನ್ ಸಿನಿಮಾದ ಗಾಡಿಗಳು.

ಪ್ರಶ್ನೆ ಆರಿಸಲು ನನ್ನದೊಂದು ಲೆಕ್ಕ ಇದೆ. ಗೊತ್ತಿಲ್ಲದವರೂ ಧೈರ್ಯವಾಗಿ ತಪ್ಪು ಹೇಳುವಂತಿರಬೇಕು. ಪನಾಮಾ ಕಾಲುವೆಯಲ್ಲಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ದಾಟುವ ಹಡಗು ಪೂರ್ವಕ್ಕೆ ಸರಿಯುತ್ತದೋ ಪಶ್ಚಿಮಕ್ಕೋ? ಎಲ್ಲರೂ ಒಂದೇ ದನಿಯಲ್ಲಿ ಪಶ್ಚಿಮ ಅಂದರು. ಆದರೆ ಆ ದೇಶ ನಕ್ಷೆಯಲ್ಲಿ ಅಡ್ಡಡ್ಡ ಮಲಗಿದೆ, ಹಾವಿನ ಹಾಗೆ ಬಳುಕಿಕೊಂಡು. ಹಾಗಾಗಿ ಪೆಸಿಫಿಕ್ ಬದಿಯ ಬಾಯಿಯೇ ಜಾಸ್ತಿ ಪೂರ್ವಕ್ಕಿದೆ! ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಮೊದಲೇ ನಕ್ಷೆ ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದಿದ್ದೆ. ಅಮೆರಿಕದ ಮರುಭೂಮಿ ಸೀಮೆಯ ರೀನೋ ಪಟ್ಟಣ ಕಡಲತಡಿಯ ಲಾಸ್ ಏಂಜಲೀಸ್‌ಗಿಂತ ಪಶ್ಚಿಮಕ್ಕಿದೆ ಅನ್ನುವುದಕ್ಕೂ ಅದೇ ಗೆರೆ ಬೇಕಾಯಿತು. ನಮ್ಮ ಕಾವೇರಿಗೆ ಮಾತ್ರ ನಕ್ಷೆ ಬೇಕಾಗಲಿಲ್ಲ. ತಲಕಾವೇರಿಯಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ., ಆದರೂ ನದಿ ಬೆನ್ನು ತಿರುಗಿಸಿ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಇದನ್ನು ಮಡಿಕೇರಿ ಕಡೆಯ ಆಂಟಿಯೊಬ್ಬರು ಪ್ರಶ್ನೆ ಮುಗಿಯುವ ಮೊದಲೇ ಹೇಳಿಬಿಟ್ಟರು.

ಗಾಡಿಗಳ ರೌಂಡಿಗೆ ನಾನೇ ಒಂದು ಪ್ರಯೋಗ ಮಾಡಿದೆ. 1977ರ ಸ್ಟಾರ್ ವಾರ್ಸ್‌ನಲ್ಲಿ ನಾಯಕನ ಗಾಡಿ ಮರಳಿನ ಮೇಲೆ ತೇಲುತ್ತದಲ್ವಾ, ಅದರ ಅಡಿಯಲ್ಲಿದ್ದದ್ದು ಬಾಂಡ್ ಬಗ್ ಅನ್ನೋ ಮೂರು ಚಕ್ರದ ಬ್ರಿಟಿಷ್ ಕಾರಿನ ಚಾಸಿ. ಚಕ್ರ ಕಾಣದಿರಲಿ ಅಂತ ಪಕ್ಕಕ್ಕೆ ಕನ್ನಡಿ ಹಾಕಿದ್ದರು. ನಾನು ಮಗನ ಆಟಿಕೆ ಕಾರು, ಹೆಂಡತಿಯ ಕೈಗನ್ನಡಿ ತಗೊಂಡು ಕೆಳಗಿನ ಮರಳು ರಾಶಿ ಹತ್ತಿರ ಕೂತೆ. ಕನ್ನಡಿ ನೆಟ್ಟಗೆ ನಿಂತಾಗ ನನ್ನ ಚಪ್ಪಲಿಯೇ ಕಂಡಿತು. ಸ್ವಲ್ಪ ಕೆಳಮುಖವಾಗಿ ವಾಲಿಸಿದ ಮೇಲೆ ಬರೀ ಮರಳು ಕಂಡು, ಚಕ್ರ ಮಾಯ. ಹಬ್ಬದ ದಿನ ಇದೇ ಫೋಟೋ ತೋರಿಸಿದೆ, ಜೋರು ಚಪ್ಪಾಳೆ.

ಬ್ಯಾಕ್ ಟು ದಿ ಫ್ಯೂಚರ್‌ನ ಡೆಲೋರಿಯನ್ ಕಾರು ಇನ್ನೂ ಮಜಾ. 1985ರ ಆ ಸಿನಿಮಾದಲ್ಲಿ ಕಾಲ ದಾಟಲು ಗಂಟೆಗೆ 88 ಮೈಲಿ ಓಡಬೇಕು. ಆದರೆ ಶೋರೂಮಿಂದ ಬಂದ ಕಾರಿನ ಮೀಟರಿನಲ್ಲಿ ಅಂಕಿ 85ಕ್ಕೇ ಮುಗಿಯುತ್ತಿತ್ತು, ಯಾಕೆಂದರೆ ಆ ಕಾರು ಬಂದ ಕಾಲಕ್ಕೆ ಅಮೆರಿಕದಲ್ಲಿ ಮೀಟರಿಗೇ ಅಷ್ಟು ಮಿತಿ ಇತ್ತು. ಸಿನಿಮಾದವರು ಮೀಟರ್ ಬದಲಿಸಿದರು. ಕಾರು ತಯಾರಾಗಿದ್ದು ಉತ್ತರ ಐರ್ಲೆಂಡಿನಲ್ಲಿ ಅನ್ನುವ ಬೋನಸ್ ಪ್ರಶ್ನೆ ಯಾರಿಗೂ ಸಿಗಲಿಲ್ಲ.

ಇನ್ನು ನನ್ನ ಎಡವಟ್ಟು. ತನಗೂ ಕಡಲಿಲ್ಲ, ಸುತ್ತಲಿನ ಯಾವ ದೇಶಕ್ಕೂ ಕಡಲಿಲ್ಲ, ಯಾವುದು ಅಂತ ಕೇಳಿದೆ. ನನ್ನ ಚೀಟಿಯಲ್ಲಿ ಉಜ್ಬೇಕಿಸ್ತಾನ್. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಲಿಕ್ಟನ್‌ಸ್ಟೈನ್ ಅಂದಳು, ನಾನು ತಪ್ಪು ಅಂದೆ. ಅವಳು ಮೈಕಿನಲ್ಲೇ, ಅಂಕಲ್, ಅದಕ್ಕೆ ಪಕ್ಕದಲ್ಲಿರೋದು ಸ್ವಿಟ್ಜರ್ಲೆಂಡು, ಆಸ್ಟ್ರಿಯಾ ಎರಡೇ ಅಂದಳು. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಬ್ಬರು, ಉಜ್ಬೇಕಿಸ್ತಾನದ ಪಕ್ಕದ ದೇಶಗಳಿಗೆ ಕ್ಯಾಸ್ಪಿಯನ್ ಸಮುದ್ರ ಇದೆಯಲ್ಲ ಅಂತ ತಕರಾರು ಎತ್ತಿದರು. ಹೆಸರಿಗೆ ಸಮುದ್ರ, ನಾಲ್ಕೂ ಕಡೆ ದಡ ಸ್ವಾಮೀ ಅಂತ ಅವರನ್ನು ಕೂರಿಸಿ, ಹುಡುಗಿಗೆ ಅಂಕ ಕೊಟ್ಟೆ.

ಈಗ ಪ್ರಶ್ನೆಗಳನ್ನು ಮೊದಲು ಅವಳಿಗೇ ತೋರಿಸುತ್ತೇನೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಳು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ನಾಲ್ಕೂ ಅರ್ಧಗೋಳದಲ್ಲಿರೋ ದೇಶ ಪೆಸಿಫಿಕ್‌ನ ದ್ವೀಪಗಳ ಕಿರಿಬಾಟಿ, ಮುಂದಿನ ವರ್ಷಕ್ಕೆ ಇದು ಹೇಗೆ ಅಂದೆ. ಐದನೇ ಮಹಡಿ ಬರುವವರೆಗೆ ಯೋಚಿಸಿ, "ಫ್ರಾನ್ಸಿನ ದ್ವೀಪಗಳನ್ನೂ ಲೆಕ್ಕಕ್ಕೆ ತಗೊಂಡ್ರೆ ಅಂಕಲ್?" ಅಂತ ಕೇಳಿ ಇಳಿದು ಹೋದಳು.